ಮಾವ ಹಾಕಿದ ಬ್ರೇಕು

ಕೇಕ್ ಸಾಮಾನಿನ ಅಂಗಡಿಯಲ್ಲಿ ಬಿಲ್ಲಿಗೆಂದು ಸಾಲಿನಲ್ಲಿ ನಿಂತಿದ್ದ ಬೇಕರಿಯಾಕೆಗೆ, ಮುಂದಿದ್ದ ಅಕ್ಕತಂಗಿಯರ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು. ತಂಗಿ ಮದುವೆ ಕೇಕಿಗೆ ಹೊಸದಾಗಿ ಕೈಹಾಕಿದವಳು. ಅವಳ ಬುಟ್ಟಿಯಲ್ಲಿ ಕೇಕ್ ಇಟ್ಟು ತಿರುಗಿಸುವ ತಟ್ಟೆ, ಉದ್ದನೆಯ ಚಾಕು, ಕ್ರೀಮು ಹಿಂಡುವ ಚೀಲಗಳಿದ್ದವು.

"ಈ ಕಡ್ಡಿ ಕಟ್ಟು ಯಾಕೇ?" ಅಕ್ಕ ಕೇಳಿದಳು.

"ಕೆಳಗಿನ ಕೇಕಿನೊಳಗೆ ನಿಲ್ಲಿಸೋಕೆ. ಮೇಲಿನೆರಡು ಕೇಕಿನ ಭಾರ ಇವೇ ಹೊರೋದು."

"ಹೋದ್ಸಲ ಹಾಕಿರಲಿಲ್ವಾ?"

ತಂಗಿ ಬುಟ್ಟಿಯನ್ನು ಈ ಕೈಯಿಂದ ಆ ಕೈಗೆ ಬದಲಿಸಿದಳು. "ಹಾಕ್ಬೇಕು ಅಂತ್ಲೇ ಗೊತ್ತಿರಲಿಲ್ಲ."

"ಅಯ್ಯೋ, ಮಾವ ಕಾರಿಗೆ ಬ್ರೇಕ್ ಹಾಕಿದ್ದಕ್ಕೆ ಕೇಕ್ ಕುಸಿದುಬಿತ್ತು ಅಂದಿದ್ಯಲ್ಲೇ!"

"ಮೆಲ್ಲಗೆ ಅಕ್ಕಾ, ಜನ ಇದಾರೆ."

ಬೇಕರಿಯಾಕೆ ಕೈಯಲ್ಲಿದ್ದ ಡಬ್ಬದ ಚೀಟಿ ಓದುವವಳಂತೆ ತಲೆ ತಗ್ಗಿಸಿದಳು.

"ಪಾಪ, ಮಾವ ಮದುವೆ ಹುಡುಗಿ ತಾಯಿಗೆ ಕೈಮುಗಿದು ತಪ್ಪಾಯ್ತು ಅಂದ್ರು."

"ನಾನು ಪಕ್ಕದಲ್ಲೇ ಇದ್ದೆ ಕಣಕ್ಕ. ನಿಜ ಹೇಳೋಕೆ ಬಾಯೇ ಬರಲಿಲ್ಲ."

"ಈಗ್ಲಾದ್ರೂ ಹೇಳು. ಹೊರಗೇ ಕಾಯ್ತಿದಾರಲ್ಲ."

"ಹೇಳ್ತೀನಿ."

ಬಿಲ್ಲಾಯಿತು. ಅಂಗಡಿಯವರು ಕಡ್ಡಿ ಕಟ್ಟೊಂದು ಬಿಟ್ಟು ಉಳಿದದ್ದನ್ನೆಲ್ಲ ರಟ್ಟಿನ ಡಬ್ಬಕ್ಕೆ ತುಂಬಿ ಕೊಟ್ಟರು. ಅವರು ಬಾಗಿಲು ತೆರೆದದ್ದೇ ತಡ, ಸೋದರಮಾವ ಕಾರಿನಿಂದಿಳಿದು ಓಡೋಡಿ ಬಂದರು. ಒಡೆಯುವಂಥದ್ದು ಒಂದೂ ಇಲ್ಲದ ಆ ಡಬ್ಬವನ್ನು ಹಸುಗೂಸಿನಂತೆ ಎತ್ತಿಕೊಂಡು, ಹಿಂದಿನ ಸೀಟಿನಲ್ಲಿ ಮೊದಲೇ ಹಾಸಿಟ್ಟಿದ್ದ ದಿಂಬಿನ ಮೇಲಿಟ್ಟರು.

"ಇನ್ಮೇಲೆ ನಿಧಾನಕ್ಕೇ ಓಡಿಸ್ತೀನಮ್ಮ," ಎಂದದ್ದು ಒಳಗಿನವರೆಗೂ ಕೇಳಿಸಿತು.

ತಂಗಿ ಹೂಂ ಎಂದಳು. ಕೈಯಲ್ಲಿ ಉಳಿದಿದ್ದ ಕಡ್ಡಿ ಕಟ್ಟನ್ನು ಕೈಚೀಲದ ತಳಕ್ಕೆ ತುರುಕಿ, ಕಾರು ಹತ್ತಿದಳು.