ನಿಲ್ಲುವುದಕ್ಕೆ ಎರಡು ಅಂಕ

ಅಧ್ಯಕ್ಷತೆ ವಹಿಸಿರುವ ಪ್ರಾಂಶುಪಾಲರಾದ ಸದಾಶಿವಯ್ಯನವರೇ, ಕುಣಿಗಲ್‌ನಿಂದ ರಜೆ ಹಾಕಿ ಬಂದಿರುವ ನನ್ನ ಹಳೆಯ ವಿದ್ಯಾರ್ಥಿಗಳೇ, ಕರೆಂಟು ಹೋದರೂ ಎದ್ದು ಹೋಗದ ಸಭಿಕರೇ,

ಗುಬ್ಬಿಯ ಈ ಕಾಲೇಜಿನಲ್ಲಿ ಮೂವತ್ತೊಂದು ವರ್ಷ ಜೀವಶಾಸ್ತ್ರ ಹೇಳಿದ್ದೇನೆ. ಬೀಳ್ಕೊಡುಗೆಯ ದಿನವೂ ಪಾಠವೇ ಎಂದು ಬೈದುಕೊಳ್ಳಬೇಡಿ. ಇದೇ ಕೊನೆಯದು, ಹಾಜರಿಯನ್ನೂ ಕೂಗುವುದಿಲ್ಲ.

ನಮ್ಮ ಮೈಯ ಒಂದು ಜೀವಕೋಶ ಎರಡಾಗಬೇಕಾದರೆ ಮೊದಲು ತನ್ನ ಡಿಎನ್‌ಎಯನ್ನು ಪೂರ್ತಿ ನಕಲು ಮಾಡಿಕೊಳ್ಳಬೇಕು. ಮಾಡಿಕೊಂಡ ಕೂಡಲೇ ಒಡೆಯುತ್ತದೆಯೇ? ಇಲ್ಲ, ನಿಲ್ಲುತ್ತದೆ. ನಕಲು ಸರಿಯಿದೆಯೇ, ಎಲ್ಲಾದರೂ ತುಂಡಾಗಿದೆಯೇ ಎಂದು ನೋಡುತ್ತದೆ. ಆಗಿದ್ದರೆ ರಿಪೇರಿ ಮಾಡುತ್ತದೆ. ರಿಪೇರಿ ಆಗದಿದ್ದರೆ ತಾನೇ ಸಾಯುತ್ತದೆ, ಕೆಟ್ಟದ್ದನ್ನು ಮುಂದಕ್ಕೆ ದಾಟಿಸುವುದಿಲ್ಲ. ಹೀಗೆ ನಿಲ್ಲುವುದನ್ನು ಮರೆತ ಕೋಶ ಒಡೆಯುತ್ತಲೇ ಹೋಗುತ್ತದೆ. ಕ್ಯಾನ್ಸರ್ ಶುರುವಾಗುವುದು ಹಾಗೆ.

ಕಳೆದ ವರ್ಷ ತುಮಕೂರಿನಲ್ಲಿ ವ್ಯಾಲ್ಯುಯೇಷನ್‌ಗೆ ಕೂತಿದ್ದೆ. ಒಬ್ಬ ಹುಡುಗಿಯೋ ಹುಡುಗನೋ ಬರೆದಿದ್ದರು: ‘ಹೆಲ್ಮೆಟ್ ಇಲ್ಲದವರನ್ನು ಪೊಲೀಸರು ನಿಲ್ಲಿಸುವಂತೆ ಕೋಶವು ತನ್ನನ್ನು ತಾನೇ ನಿಲ್ಲಿಸಿಕೊಳ್ಳುತ್ತದೆ.’ ಪೂರ್ತಿ ಅಂಕ ಕೊಟ್ಟೆ. ಅದೇ ವಾರ ಶೆಟ್ಟಿಹಳ್ಳಿಯ ಮನೆಯಲ್ಲಿ ತಿಂಡಿ ಬಡಿಸುತ್ತಾ ನನ್ನ ಹೆಂಡತಿ ಪ್ರೇಮಲತಾ ಹೇಳಿದಳು.

“ರೀ, ಎದೇಲಿ ಏನೋ ಗಂಟು ಸಿಕ್ತಾ ಇದೆ. ನೋವೇನಿಲ್ಲ. ಒಂದ್ಸಲ ತೋರ್ಸ್ಕೊಂಡ್ ಬರೋಣ್ವಾ?”

“ವ್ಯಾಲ್ಯುಯೇಷನ್ ಮುಗೀಲಿ ಕಣೇ” ಅಂದೆ.

ಮುಗಿಯಿತು. ಎರಡನೇ ಪರೀಕ್ಷೆ ಬಂತು, ಅದರ ಪತ್ರಿಕೆಗಳೂ ಬಂದವು. ಅವಳು ಮತ್ತೆ ಕೇಳಿದಳು, ನಾನು ಮತ್ತೆ ಅದೇ ಮಾತು ಹೇಳಿದೆ. ಮೂರನೆಯ ಸಲ ಅವಳು ಕೇಳಲೇ ಇಲ್ಲ. ಆ ಎರಡನೇ ಪರೀಕ್ಷೆಯಲ್ಲೂ ಕೋಶ ಒಡೆಯುವ ಇದೇ ಪ್ರಶ್ನೆ ಇತ್ತು, ಐದು ಅಂಕಕ್ಕೆ. ಕೋಶ ನಿಲ್ಲುತ್ತದೆ ಎಂದು ಬರೆಯದವರಿಗೆಲ್ಲ ನಾನು ಎರಡೆರಡು ಅಂಕ ಕಳೆದೆ.

ಕೊನೆಗೆ ಹೋದಾಗ ಕಂಕುಳಿಗೂ ಹಬ್ಬಿತ್ತು. “ನೀವೇನ್ ಕೆಲ್ಸ ಮಾಡೋದು ಸಾರ್?” ಎಂದು ಡಾಕ್ಟರು ಕೇಳಿದರು. ಹೇಳಲು ನಾಚಿಕೆಯಾಯಿತು. ಗೌರ್ಮೆಂಟ್ ಕೆಲಸ ಎಂದಷ್ಟೇ ಹೇಳಿದೆ.

ಆಪರೇಷನ್ ಆಗಿದೆ. ಅವಳು ಇಲ್ಲೇ ಮುಂದಿನ ಸಾಲಿನಲ್ಲಿದ್ದಾಳೆ. ಇದನ್ನು ಹೇಳಲೇ ಎಂದು ಬೆಳಿಗ್ಗೆ ಕೇಳಿದ್ದೆ. “ಹೇಳ್ರಿ, ಹೆಣ್ಮಕ್ಳು ಕೂತಿರ್ತಾರೆ” ಅಂದಳು.

ಮುಂದೆ ನನಗೆ ಸನ್ಮಾನವಿದೆ, ಆಮೇಲೆ ಏಳು ಜನರ ಹಿತನುಡಿ, ಊಟ. ಅವಳಿಗೆ ಮೂರು ಗಂಟೆಗೆ ತುಮಕೂರಿನಲ್ಲಿ ಸ್ಕ್ಯಾನಿಂಗ್ ಇದೆ. “ಸನ್ಮಾನ ಮುಗೀಲಿ ಸಾರ್, ಅರ್ಧ ಗಂಟೆ ಅಷ್ಟೇ” ಎಂದು ಕಾರ್ಯದರ್ಶಿ ಅನಂತರಾಜು ಆಗಲೇ ಕಿವಿಯಲ್ಲಿ ಹೇಳಿದರು.

ಕ್ಷಮಿಸಿ ಅನಂತರಾಜು. ಶಾಲನ್ನು ಆ ಕುರ್ಚಿಗೇ ಹೊದಿಸಿಬಿಡಿ.

ಏಳು ಪ್ರೇಮಾ, ಹೋಗೋಣ.

ಎಲ್ಲರಿಗೂ ಧನ್ಯವಾದ. ನಮಸ್ಕಾರ.