ಹೇಳಿದವರು: ಕಾಳವ್ವ

ಎಪ್ಪತ್ನಾಲ್ಕರ ಫೆಬ್ರುವರಿ. ಬಿಜಾಪುರದ ಬಸ್ ನಿಲ್ದಾಣದಲ್ಲಿ ನನ್ನ ಹಿಂದಿನ ಬೆಂಚಿನ ಮೇಲೆ ವಯಸ್ಸಾದ ಮಾಸ್ತರರೊಬ್ಬರೂ ಹಳ್ಳಿ ಸಾಲೆಯ ಅಕ್ಕೋರೊಬ್ಬರೂ ಬಬಲೇಶ್ವರದ ಬಸ್ಸಿಗೆ ಕಾಯುತ್ತಿದ್ದರು.

"ಏಳನೇ ಇಯತ್ತೆ ಹುಡುಗರ ಕಡಿಂದ ಊರ ಬಾವಿ ಮ್ಯಾಲ ಪ್ರಬಂಧ ಬರಸೀರಂತಲ್ರಿ, ಅಕ್ಕೋರ?"

"ಹೌದ್ರಿ ಮಾಸ್ತರ. ಯಾವ ಪುಸ್ತಕ ನೋಡೂದು ಅಂತ ನೀವ ಆರಿಸಿಕೊಳ್ರಿ, ಹಿರೇರನ್ನೂ ಕೇಳ್ರಿ, ಯಾರು ಹೇಳಿದ್ರು ಅಂತ ಕೆಳಗ ಹೆಸರು ಬರೀರಿ ಅಂದಿದ್ದೆ."

"ಛಲೋನ ಆತಲ್ಲ."

"ಬಾವಿ ತೋಡಿಸಿದವರು ಗೌಡ್ರ ಅಜ್ಜ ಅಂತ ಗೌಡ್ರು ಸಾಲಿಗೆ ಕೊಟ್ಟ ಪುಸ್ತಕದಾಗ ಐತಿ. ಒಬ್ಬ ಹುಡುಗಿ ಅಷ್ಟಕ್ಕ ಬಿಡಲಿಲ್ರಿ. ತೋಡಿದವರು ನಮ್ಮ ಕೇರಿಯವರು, ನೀರು ಬಿದ್ದ ಮ್ಯಾಲ ನಮ್ಮನ್ನ ಮುಟ್ಟಗೊಡಲಿಲ್ಲ ಅಂತ ಬರದ್ಲು."

"ಕೆಳಗ?"

"ಹೇಳಿದವರು: ಕಾಳವ್ವ, ನಮ್ಮ ಆಯಿ. ಅಕ್ಷರ ಗುಂಡಗ ಇದ್ದವು. ಹತ್ತಕ್ಕ ಹತ್ತು ಕೊಟ್ಟು, ಝಂಡಾವಂದನದ ದಿನ ಎಲ್ಲಾರ ಮುಂದ ನಾನ ಓದಿಸಿದೆ."

"ಗೌಡ್ರು ಇದ್ರೇನ್ರಿ?"

"ಮುಂದಿನ ಖುರ್ಚಿ ಅವರದ ಅಲ್ರಿ?"

ಮಾಸ್ತರರು ಟೊಪಿಗೆ ತೆಗೆದು ತೊಡೆಯ ಮೇಲಿಟ್ಟುಕೊಂಡರು.

"ಮುದುಕಿ ಹ್ಯಾಂಗ ಅದಾಳ?"

"ಮರುದಿನದಿಂದ ಯಾರೂ ಕೂಲಿಗೆ ಕರ್ಯಾಂಗಿಲ್ರಿ. ಹುಡುಗಿ ಅಳಕೋತ ಬಂದಿದ್ಲು. ಮಾರ್ಕು ಬ್ಯಾಡ್ರಿ ಅಕ್ಕೋರ, ಆಯಿ ಹೆಸರು ಅಳಿಸಿ ಕೊಡ್ರಿ ಅಂದ್ಲು."

"ಅಳಿಸಿದ್ರಿ?"

"ಅಳಿಸಿದೆ. ಆದ್ರ ಕೇಳಿದವರು ಮರೀಬೇಕಲ್ರಿ."

ಬಸ್ಸು ಬಂತು. ಜನ ಬಾಗಿಲಿಗೆ ಮುತ್ತಿಕೊಂಡರು. ಅಕ್ಕೋರು ಚೀಲ ಎತ್ತಿಕೊಂಡು ಎದ್ದರು. ಮಾಸ್ತರರು ಹಿಂದಿನಿಂದ ಕೇಳಿದರು.

"ಇನ್ನ ಮುಂದಿನ ಪ್ರಬಂಧ ಯಾತರ ಮ್ಯಾಲ್ರಿ?"

"ಹಿಮಾಲಯದ ಮ್ಯಾಲ್ರಿ. ಅಲ್ಲಿ ನಮ್ಮ ಊರವರು ಯಾರೂ ಇಲ್ಲ."