ಕೊನೇ ಸ್ಟಾಪಿನ ಚಿಲ್ಲರೆ

ಇಲೊಯ್ಲೊ ಪೇಟೆಯ ಜೀಪ್ನಿಗಳಲ್ಲಿ, ಅಂದರೆ ಎದುರುಬದುರು ಬೆಂಚುಗಳ ಬಾಡಿಗೆ ಜೀಪುಗಳಲ್ಲಿ, ಕಂಡಕ್ಟರಿಲ್ಲ. ದುಡ್ಡನ್ನು ಕೈಯಿಂದ ಕೈಗೆ ಡ್ರೈವರನವರೆಗೆ ದಾಟಿಸಿ, ಇಳಿಯುವ ಜಾಗವನ್ನು ಕೂಗಿ ಹೇಳಬೇಕು. ಡ್ರೈವರನ ಬೆನ್ನಿಗೇ ಕೂತಿದ್ದ, ಒಣಮೀನು ಮಾರುವ ಪಾಸಿಂಗ್, ಪಕ್ಕದವರ ಮಾತಿಗೆ ಕಿವಿ ಮುಚ್ಚಿಕೊಳ್ಳುವ ಹೆಂಗಸಲ್ಲ. ಇವತ್ತು ಅವಳ ಪಕ್ಕ ಒಬ್ಬ ಹುಡುಗಿ, ಅವಳ ಚಿಕ್ಕಮ್ಮ ಕೂತಿದ್ದರು.

“ಸುತ್ತಿದ್ದು, ತಿಂದಿದ್ದು ಎಲ್ಲಾ ಬ್ಲಾಗಲ್ಲಿ ಬರ್ದು ಹಾಕ್ತೀಯಲ್ಲ ಜೋವೆಲಿನ್, ಈಗ ಏನಂತ ಹಾಕಿದೀಯ?”

“ಇನ್ನೂ ಬಟಾನೆಸ್ ದ್ವೀಪದಲ್ಲೇ ಇದೀನಿ ಅಂತ. ಊರಿಗೆ ಬಂದಿದ್ದು ಯಾರಿಗೂ ಹೇಳಿಲ್ಲ ಚಿಕ್ಕಮ್ಮ.”

“ಮತ್ತೆ ಬೆಳಿಗ್ಗೆ ನಮ್ಮನೆ ಗೇಟಿಗೆ ಬನ್ನಿನ ಚೀಲ ನೇತು ಹಾಕ್ದೋರು ಯಾರೇ?”

“ಅದೇ ಭಯ! ಇನ್ನೂ ಬಿಸಿ ಇತ್ತು. ನಾನು ಯಾವಾಗ್ಲೂ ಬರೀತೀನಲ್ಲ, ಅದೇ ಬೇಕರೀದು.”

“ಓದೋರೆಲ್ಲ ಮನೆಯವರಿದ್ದಂಗೆ ಅಂತಿದ್ದೆ. ಬಂದ ನೋಡು ಮನೆಯವನು.”

“ತಮಾಷೆ ಮಾಡ್ಬೇಡಿ. ಮೆಲ್ಲಗೆ ಮಾತಾಡಿ.”

ಚಿಕ್ಕಮ್ಮ ಪಾಸಿಂಗ್ ಕಡೆ ದುಡ್ಡು ಚಾಚಿದಳು. “ಸ್ವಲ್ಪ ದಾಟಿಸಮ್ಮ. ಇಬ್ಬರು, ಸಾನ್…”

“ಶ್! ಜಾಗ ಹೇಳ್ಬೇಡಿ! ಕೊನೇ ಸ್ಟಾಪು ಅನ್ನಿ.”

“ಇಬ್ಬರು, ಕೊನೇ ಸ್ಟಾಪು!”

ಪಾಸಿಂಗ್ ದುಡ್ಡು ದಾಟಿಸಿದಳು. ಅರ್ಧ ದಾರಿಯಲ್ಲೇ, ಮಾರುಕಟ್ಟೆಯ ಬಳಿ ಗಾಡಿ ನಿಧಾನವಾದದ್ದೇ ತಡ, ಇಬ್ಬರೂ ಕೈ ಕೈ ಹಿಡಿದು ಇಳಿದು ಜನಜಂಗುಳಿಯಲ್ಲಿ ಸೇರಿಹೋದರು.

“ಕೊನೇ ಸ್ಟಾಪಿನೋರ ಚಿಲ್ಲರೆ!” ಎಂದು ಡ್ರೈವರ್ ಕೈ ಹಿಂದೆ ಚಾಚಿದ. ಪಾಸಿಂಗ್ ನಾಣ್ಯಗಳನ್ನು ಹಿಡಿದು ಪಕ್ಕದ ಖಾಲಿ ಜಾಗವನ್ನೇ ನೋಡಿದಳು.

ಎದುರು ಬೆಂಚಿನಲ್ಲಿ ಅಷ್ಟು ಹೊತ್ತೂ ತೂಕಡಿಸುತ್ತ ಕೂತಿದ್ದವನು ಕಣ್ಣು ಬಿಟ್ಟು, ಅಂಗೈ ಮುಂದೆ ಮಾಡಿದ.

“ಇಲ್ಲಿ ಕೊಡಿ ಅಮ್ಮ, ತಲುಪಿಸ್ತೀನಿ. ಅವರ ಮನೆ ನಂಗೊತ್ತು.”